ಮುನ್ನೂರ ಐವತ್ತೆಂಟರ ಮುಂದಿನ ಸೊನ್ನೆ

ಫಿನ್ಲೆಂಡಿಗೆ ಫೋನ್ ಮಾಡುವುದು ಹೇಗೆಂದು ಕೇಳಿದರೆ, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಮೊದಲು ಎರಡು ಸೊನ್ನೆ ಒತ್ತಬೇಕು. ಆಮೇಲೆ ಮೂರು, ಐದು, ಎಂಟು. ಅದಾದ ಮೇಲೆ ಅಲ್ಲಿರುವವರು ಕೊಟ್ಟ ನಂಬರು. ಆದರೆ ಅವರು ಬರೆದುಕೊಡುವ ನಂಬರಿನ ಮೊದಲಿಗೆ ಒಂದು ಸೊನ್ನೆ ಇರುತ್ತದೆ; ಅದನ್ನು ಬಿಟ್ಟು ಮುಂದಿನದನ್ನು ಒತ್ತಬೇಕು. ಆ ಸೊನ್ನೆ ಅಲ್ಲಿಯವರು ಅಲ್ಲಿಯವರಿಗೇ ಮಾಡುವಾಗ ಬೇಕು, ನಮ್ಮಂಥ ಹೊರಗಿನವರಿಗೆ ಬೇಡ. ಒತ್ತಿದರೆ ಫೋನು ಹೋಗುವುದಿಲ್ಲ. ಚನ್ನಗಿರಿಯಲ್ಲಿ ಇದು ಗೊತ್ತಿರುವವರು ನಾನಲ್ಲದೆ ಇನ್ನೆಷ್ಟು ಜನ ಇದ್ದಾರೋ ತಿಳಿಯದು. ಗೊತ್ತಿದ್ದೂ ಬೇಕೆಂದೇ ಆ ಸೊನ್ನೆ ಒತ್ತಿದವಳು ಮಾತ್ರ ನಾನೊಬ್ಬಳೇ ಇರಬೇಕು.

ನಾನು ಸರ್ಕಾರದ ಆರೋಗ್ಯ ಇಲಾಖೆಯವಳು. ಜನ ನರ್ಸಮ್ಮ ಅನ್ನುತ್ತಾರೆ, ಸಿಟ್ಟು ಬಂದಾಗ ಇನ್ನೂ ಏನೇನೋ ಅನ್ನುತ್ತಾರೆ. ಮಕ್ಕಳಿಗೆ ಲಸಿಕೆ ಚುಚ್ಚುವುದು, ಬಸುರಿಯರ ರಕ್ತ ನೋಡುವುದು, ಬಿಪಿ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ನುಂಗಿದೆ ಎಂದು ಸುಳ್ಳು ಹೇಳುವ ಗಂಡಸರನ್ನು ಬೈಯುವುದು, ಇದು ನನ್ನ ಕೆಲಸ. ಸುಳ್ಳು ಹೇಳುವವರ ಮುಖ ನೋಡಿದರೆ ಸಾಕು, ನನಗೆ ತಿಳಿಯುತ್ತದೆ. ನ್ಯಾಮತಿಯ ಕಡೆ ಆರು ವರ್ಷ, ಹೊನ್ನಾಳಿಯ ಕಡೆ ಹನ್ನೊಂದು ವರ್ಷ ಇದ್ದೆ. ಈಗ ಚನ್ನಗಿರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಬೆಳಿಗ್ಗೆ ಬಸವಾಪಟ್ಟಣದ ಬಸ್ಸು ಹಿಡಿದು ಡ್ಯೂಟಿಗೆ ಹೋಗುತ್ತೇನೆ. ಗಂಡ ಎಂಬಾತನ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಮಗಳು ಹುಟ್ಟಿದ ವರ್ಷವೇ ಬೇರೆ ದಾರಿ ನೋಡಿಕೊಂಡ.

ಮಗಳನ್ನು ಬೆಳೆಸಿದ್ದು ನಾನಲ್ಲ, ನನ್ನ ಅವ್ವ. ಅವ್ವ ಜಗಳೂರಿನಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ನೂರು ಜನಕ್ಕೆ ಮುದ್ದೆ ತಿರುವಿದ ತೋಳು, ನೂರು ಜನಕ್ಕೆ ಕೇಳುವಂಥ ಗಂಟಲು. ನಾನು ನ್ಯಾಮತಿಯಿಂದಲೋ ಹೊನ್ನಾಳಿಯಿಂದಲೋ ಶನಿವಾರ ಸಂಜೆ ಎರಡು ಬಸ್ಸು ಬದಲಿಸಿ ಜಗಳೂರು ಸೇರುತ್ತಿದ್ದೆ, ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ನಾನು ಹೋದಾಗ ಮಗಳು ಅಜ್ಜಿಯ ಸೆರಗಿನ ಹಿಂದಿನಿಂದ ಇಣುಕುತ್ತಿದ್ದಳು. ಜ್ವರ ಬಂದರೆ ಅಜ್ಜಿ ಬೇಕು, ಜಡೆ ಹಾಕಲು ಅಜ್ಜಿ ಬೇಕು. ಶನಿವಾರ ಬರುವ ನೆಂಟಳಂತೆ ನಾನು ಬಿಸ್ಕತ್ತು, ರಿಬ್ಬನ್ನು ತಂದುಕೊಡುತ್ತಿದ್ದೆ. ಅವಳು ದೊಡ್ಡವಳಾಗಿ ನನ್ನಂತೆಯೇ ನರ್ಸಿಂಗ್ ಓದುತ್ತೇನೆಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಡೆಗಾದರೂ ನನ್ನದೊಂದು ಗುಣ ಅವಳಲ್ಲಿ ಕಂಡಿತಲ್ಲ ಎಂದುಕೊಂಡೆ.

ದಾವಣಗೆರೆಯಲ್ಲಿ ಓದಿ ಅಲ್ಲೇ ಮೂರು ವರ್ಷ ಕೆಲಸ ಮಾಡಿದ ಮೇಲೆ, ಯಾವುದೋ ಏಜೆನ್ಸಿಯ ಮೂಲಕ ಅವಳಿಗೆ ಫಿನ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಹೊರಳಿಸುವುದು. ಪೂರ್ತಿ ನರ್ಸ್ ಆಗಬೇಕಾದರೆ ಅಲ್ಲಿಯ ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕಂತೆ. ಅವ್ವನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

“ಅಲ್ಲಾ, ಮುದುಕ್ರನ್ನ ನೋಡಾಕೆ ಅಷ್ಟು ದೂರ ಯಾಕೆ ಹೋಗಬೇಕು? ಇಲ್ಲೊಬ್ಬಳು ಮುದುಕಿ ಕುಂತೀನಲ್ಲ.”

ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು. ಮಗಳು ಹೋದ ತಿಂಗಳಲ್ಲೇ ನಾನು ಅವ್ವನನ್ನು ಚನ್ನಗಿರಿಗೆ ಕರೆತಂದು ನನ್ನ ಬಳಿ ಇಟ್ಟುಕೊಂಡೆ.

ವಾಟ್ಸಾಪಿನಲ್ಲಿ ಮಗಳ ಮುಖ ತೋರಿಸಿದರೆ ಅವ್ವನಿಗೆ ಆಗಿಬರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ ಮೇಲೂ ಪರದೆಯ ಬೆಳಕು ಚುಚ್ಚುತ್ತಿತ್ತು. ಮಾತು ತಡವಾಗಿ ಬರುತ್ತದೆ, ತುಟಿ ಬೇರೆ ಅಲ್ಲಾಡುತ್ತದೆ ಎಂದು ರೇಗುತ್ತಿದ್ದಳು. “ಫೋಟೋ ಮಾತಾಡಿದಂಗೆ ಐತೆ, ನಂಗೆ ಬ್ಯಾಡ. ನನ್ನ ಗುಂಡಿ ಫೋನಿನಾಗೆ ಹಚ್ಚಿಕೊಡು, ಕಿವಿಗೆ ಇಟ್ಕಂಡ್ರೆ ಕೂಸು ಪಕ್ಕದಾಗೆ ಕುಂತಂಗೆ ಇರ್ತೈತೆ,” ಅಂದಳು. ಅವಳ ಆ ಗುಂಡಿ ಫೋನು ಹಾಸ್ಟೆಲಿನಿಂದ ನಿವೃತ್ತಿಯಾದ ವರ್ಷ ತೆಗೆದುಕೊಂಡದ್ದು. ಒತ್ತಿ ಒತ್ತಿ ಐದರ ಅಂಕಿ ಅಳಿಸಿಹೋಗಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು ಆ ಸಿಮ್ಮಿಗೆ ಹೊರದೇಶದ ಕರೆಯ ಪ್ಯಾಕ್ ಹಾಕಿಕೊಟ್ಟ. ಯಾವ ದೇಶಕ್ಕೆ ಎಂದು ಕೇಳಿದ. ಹೇಳಿದೆ. “ದುಬೈಗೆ ಮಾಡ್ತಾರೆ ಮೇಡಂ, ಸೌದಿಗೆ ಮಾಡ್ತಾರೆ. ಇದು ಎಲ್ಲೈತ್ರೀ?” ಅಂದ. ಬಹಳ ಚಳಿಯಿರುವ ಕಡೆ ಎಂದೆ. ಅಷ್ಟು ಮಾತ್ರವೇ ನನಗೂ ಗೊತ್ತಿದ್ದದ್ದು.

ಮಗಳು ಕಳಿಸಿದ ನಂಬರನ್ನು ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಬರೆದು, ಸೊನ್ನೆಯನ್ನೂ ಸೇರಿಸಿ ಇದ್ದದ್ದು ಇದ್ದಂತೆ ಒತ್ತಿದೆ. ಅವ್ವನ ಕೈಗೆ ಕೊಟ್ಟೆ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ ಬಂತು. ಮೆಲ್ಲನೆ, ಮರ್ಯಾದೆಯಾಗಿ, ಅಲ್ಲಿಯ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಅವ್ವ ಕಿವಿಗೊಟ್ಟು ಕೇಳಿ, ಉತ್ತರ ಕೊಟ್ಟಳು.

“ಹೂಂ ಕಣವ್ವ, ಚೆನ್ನಾಗಿದೀವಿ. ನಮ್ಮ ಕೂಸಿಗೆ ಒಂಚೂರು ಕೊಡವ್ವ ಫೋನು.”

ಆ ಹೆಂಗಸು ಅದೇ ಮಾತು ಇನ್ನೊಮ್ಮೆ ಹೇಳಿದಳು. ಕಡೆಗೆ ಇಂಗ್ಲಿಷಿನಲ್ಲೂ ಹೇಳಿದಳು. ನಾನು ಫೋನಿಗೆ ಕಿವಿ ಹಚ್ಚಿದೆ. ನಂಬರು ಸರಿಯಿಲ್ಲ, ನೋಡಿಕೊಳ್ಳಿ ಎಂಬ ರೆಕಾರ್ಡ್ ಅದು. ಒಂದು ವಾರ ಹೀಗೇ ನಡೆಯಿತು. ಸೊನ್ನೆ ಬಿಡಬೇಕೆಂದು ಮಗಳು ವಾಟ್ಸಾಪಿನಲ್ಲಿ ಹೇಳಿಕೊಡುವಷ್ಟರಲ್ಲಿ ಅವ್ವನಿಗೆ ಆ ಹೆಂಗಸಿನ ಪರಿಚಯವೇ ಆಗಿಬಿಟ್ಟಿತ್ತು. ಮಗಳಿರುವ ಮನೆಯ ಯಜಮಾನಿಯೋ, ಫೋನು ಕೊಡುವ ಕೆಲಸದವಳೋ ಎಂದು ಅವಳು ತಿಳಿದಿದ್ದಳು. ಅದು ಮಷೀನು ಎಂದು ನಾನು ಎಷ್ಟು ಹೇಳಿದರೂ, “ಮಷೀನಿಗೆ ಅಷ್ಟು ಸಮಾಧಾನ ಇರ್ತೈತೇನೆ? ನಿನ್ನ ದನಿಗಿಂತ ಚೆಂದೈತೆ,” ಎಂದು ನನಗೇ ಚುಚ್ಚಿದಳು.

ಆಮೇಲೆ ಪ್ರತಿ ಭಾನುವಾರ ಸಂಜೆ ಫೋನು. ಮಗಳು ಬೆಳಗಿನ ಪಾಳಿ ಮುಗಿಸಿ ಬಂದಿರುತ್ತಿದ್ದಳು. ಅವ್ವ ತಲೆ ಬಾಚಿಕೊಂಡು, ಮುಖ ತೊಳೆದು, ಗೋಡೆಗೆ ಒರಗಿ ಕೂರುತ್ತಿದ್ದಳು. ಅಷ್ಟು ದೂರಕ್ಕೆ ಕೇಳಬೇಕಲ್ಲ ಎಂದು ಹಾಸ್ಟೆಲಿನ ಗಂಟಲಲ್ಲೇ ಕೂಗುತ್ತಿದ್ದಳು. ಏನು ಉಂಡೆ, ಬಿಸಿಲು ಬಂತಾ, ಆ ಮುದುಕರು ಬೈತಾರಾ, ಫೋನು ಕೊಡೋ ಯಮ್ಮ ಚೆನ್ನಾಗದಾಳಾ. ಮಧ್ಯಾಹ್ನಕ್ಕೇ ಅಲ್ಲಿ ಕತ್ತಲಾಗುತ್ತದೆ ಎಂದು ಮಗಳು ಹೇಳಿದ ದಿನ ಬೀದಿಯಲ್ಲಿ ಹೋದವರಿಗೆಲ್ಲ ಅದೇ ಸುದ್ದಿ. ನನ್ನ ಸರದಿ ಬರುವ ಹೊತ್ತಿಗೆ ಮಗಳಿಗೆ ನಿದ್ದೆ ಬಂದಿರುತ್ತಿತ್ತು. “ಊಟ ಆಯ್ತಾ ಅಮ್ಮ? ಸರಿ, ಇಡ್ಲಾ?” ಅನ್ನುತ್ತಿದ್ದಳು.

ಮಗಳು ಹೋದ ಎರಡನೆಯ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅವ್ವನ ಕಾಲು ಊದಿಕೊಂಡವು. ಬೆರಳಿಟ್ಟು ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ತೂಕಡಿಸುತ್ತಿದ್ದಳು. ಇದು ಏನೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಆದರೂ ದಾವಣಗೆರೆಗೆ ಕರೆದೊಯ್ದೆ. ಐದು ದಿನ ಇಟ್ಟುಕೊಂಡು, ಹೃದಯದ ಶಕ್ತಿ ಬಹಳ ಕಡಿಮೆಯಾಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನಾನು ಡ್ಯೂಟಿಗೆ ರಜ ಹಾಕಿದೆ. ಡಾಕ್ಟರು ನನ್ನ ಕಡೆ ನೋಡಿದ ರೀತಿಯಲ್ಲೇ ಲೆಕ್ಕ ಗೊತ್ತಾಯಿತು. ನಾನೂ ಎಷ್ಟೋ ಮನೆಯವರನ್ನು ಹಾಗೆ ನೋಡಿದ್ದೇನೆ.

ಅದೇ ವಾರ ಮಗಳು ಹೇಳಿದ್ದಳು: “ಅಮ್ಮ, ಪರೀಕ್ಷೆಗೆ ಇನ್ನು ಮೂರೇ ವಾರ ಐತೆ. ತಲೆ ಕೆಟ್ಟೋಗೈತೆ. ಆ ಭಾಷೆ ಕನಸಲ್ಲೂ ಬರ್ತೈತೆ.”

ಮಗಳಿಗೆ ಹೇಳಬಾರದೆಂದು ತೀರ್ಮಾನಿಸಿದವಳು ನಾನೊಬ್ಬಳೇ. ನಮ್ಮ ಕಡೆ ಇದು ಹೊಸದೇನಲ್ಲ. ಪರೀಕ್ಷೆಗೆ ಕೂತವರಿಗೆ, ಬಸುರಿಯರಿಗೆ ಕೆಟ್ಟ ಸುದ್ದಿಯನ್ನು ತಕ್ಷಣ ಮುಟ್ಟಿಸುವುದಿಲ್ಲ. ದೂರದಲ್ಲಿರುವವರನ್ನು ‘ಸ್ವಲ್ಪ ಹುಷಾರಿಲ್ಲ, ಬಂದು ಹೋಗು’ ಎಂದು ಕರೆಸುತ್ತಾರೆ. ಮನೆಯ ಮುಂದಿನ ಶಾಮಿಯಾನ ನೋಡಿಯೇ ಅವರಿಗೆ ಗೊತ್ತಾಗಬೇಕು. ಎಲ್ಲರೂ ಹೀಗೇ ಮಾಡುತ್ತಾರೆ, ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ. ಈ ಪರೀಕ್ಷೆ ತಪ್ಪಿದರೆ ಮಗಳು ಜೀವಮಾನವಿಡೀ ಅಲ್ಲಿ ಮುದುಕರ ಮೈ ತೊಳೆಯುತ್ತಲೇ ಇರಬೇಕಾಗುತ್ತದೆ ಎಂದು ನನ್ನ ಭಯ. ಅಜ್ಜಿಯ ಉಸಿರು ಫೋನಿನಲ್ಲಿ ಒಂದು ಸಲ ಕೇಳಿದರೆ ಸಾಕು, ಅವಳೂ ನರ್ಸು, ಅವಳಿಗೆ ತಿಳಿದುಹೋಗುತ್ತದೆ. ಪುಸ್ತಕ ಮುಚ್ಚಿ ವಿಮಾನ ಹತ್ತುತ್ತಾಳೆ.

ಹಾಗಾಗಿ ಅಜ್ಜಿ ಸೊಕ್ಕೆಗೆ ಹೋಗಿದ್ದಾಳೆ ಎಂದು ಮಗಳಿಗೆ ಹೇಳಿದೆ. ಸೊಕ್ಕೆಯಲ್ಲಿ ನನ್ನ ಸೋದರಮಾವನ ಮಗನ ಮನೆ ಇದೆ. “ಒಂದು ತಿಂಗಳು ಇದ್ದು ಬರ್ತೀನಿ ಅಂತ ಹೋದ್ಲು. ಫೋನು ಇಲ್ಲೇ ಬಿಟ್ಟೋಗ್ಯಾಳೆ. ಅಲ್ಲಿ ಸಿಗ್ನಲ್ಲೂ ಸರಿ ಸಿಗಲ್ಲ,” ಎಂದೆ. ಸೊಕ್ಕೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಸಿಗುತ್ತದೆ. ಮಗಳು ನಂಬಿದಳು. “ಪರೀಕ್ಷೆ ಮುಗೀಲಿ, ಅಜ್ಜಿ ಹತ್ರ ಒಂದು ತಾಸು ಮಾತಾಡ್ತೀನಿ,” ಅಂದಳು.

ಅವ್ವನನ್ನು ನಂಬಿಸುವುದು ಅಷ್ಟು ಸುಲಭವಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಒಂದೇ ಮಾತು: “ಕೂಸಿಗೆ ಫೋನ್ ಹಚ್ಚು.” ಡ್ಯೂಟಿಯಲ್ಲಿದ್ದಾಳೆ ಎಂದೆ. ಮಲಗಿರುತ್ತಾಳೆ ಎಂದೆ. ಭಾನುವಾರ ಬಂತು. ಬೆಳಿಗ್ಗೆಯಿಂದಲೇ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸಂಜೆಯಾಯಿತು. ಇನ್ನು ನೆಪ ಉಳಿದಿರಲಿಲ್ಲ. ನಾನು ಎರಡು ಸೊನ್ನೆ ಒತ್ತಿದೆ, ಮೂರು, ಐದು, ಎಂಟು ಒತ್ತಿದೆ. ಆಮೇಲೆ ಇನ್ನೊಂದು ಸೊನ್ನೆ ಒತ್ತಿದೆ. ಬೆರಳು ತಪ್ಪಿತು ಎಂದು ಬರೆಯಬಹುದು. ತಪ್ಪಲಿಲ್ಲ.

ಆ ಹೆಂಗಸಿನ ದನಿ ಕೇಳಿದ್ದೇ ಅವ್ವನ ಮುಖ ಅರಳಿತು.

“ಯವ್ವಾ, ಚೆನ್ನಾಗಿದೀಯೇನವ್ವ? ಭಾಳ ದಿನ ಆಗಿತ್ತು ನಿನ್ ದನಿ ಕೇಳಿ. ನಮ್ಮ ಕೂಸಿಗೆ ಕೊಡವ್ವ.”

ದನಿ ತನ್ನ ಪಾಠ ಒಪ್ಪಿಸಿ ನಿಂತಿತು. ಅವ್ವ ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೇ ಇಟ್ಟುಕೊಂಡಿದ್ದು, “ಕೊಡ್ಲಿಲ್ಲ ಕಣೆ,” ಎಂದು ನನ್ನ ಕೈಗೆ ಕೊಟ್ಟಳು. ಲೈನು ಸಿಗುತ್ತಿಲ್ಲ ಅವ್ವ, ಅಲ್ಲಿ ಏನೋ ತೊಂದರೆಯಾಗಿದೆ ಎಂದೆ. ಮಾತ್ರೆ ನುಂಗಿಸಿದೆ, ಕಾಲ ಕೆಳಗೆ ದಿಂಬು ಸರಿಮಾಡಿದೆ. ನನ್ನ ಮುಖವನ್ನು ಅವಳು ನೋಡಲಿಲ್ಲ; ನೋಡಿದ್ದರೂ ಅವಳ ಕಣ್ಣಿಗೆ ಅಷ್ಟು ಕಾಣುತ್ತಿರಲಿಲ್ಲ.

ಮೂರು ದಿನದ ನಂತರ ಮತ್ತೆ ಹಟ ಹಿಡಿದಳು. ಮತ್ತೆ ಸೊನ್ನೆ ಒತ್ತಿ ಕೊಟ್ಟೆ. ಈ ಸಲ ಅವ್ವನ ದನಿಯಲ್ಲಿ ಹಾಸ್ಟೆಲಿನ ಜೋರು ಇರಲಿಲ್ಲ. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

“ಯವ್ವಾ, ನಿಂಗೆ ಕೈ ಮುಗೀತೀನಿ. ಒಂದೇ ಒಂದು ಮಾತು ಆಡಿ ವಾಪಸ್ ಕೊಡ್ತೀನಿ. ನಾನು ಅವ್ಳ ಅಜ್ಜಿ. ದೂರದಿಂದ ಮಾಡಾಕೆ ಹತ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಮೂವತ್ತು ವರ್ಷ ಎಷ್ಟೋ ಜನರ ಗೋಳು ಕಂಡವಳು, ಅಷ್ಟಕ್ಕೆಲ್ಲ ಕರಗುವವಳಲ್ಲ ಎಂದು ನನ್ನ ಬಗ್ಗೆ ನನಗೇ ಒಂದು ಹೆಮ್ಮೆಯಿತ್ತು. ಅವತ್ತು ಕರಗಿದೆ. ಆದರೂ ಸರಿಯಾದ ನಂಬರು ಒತ್ತಲಿಲ್ಲ.

ಮೂರನೆಯ ಸಲ ಅವ್ವ ಕೇಳಿಕೊಳ್ಳಲಿಲ್ಲ. ಕೂಸನ್ನು ಕರೆದುಕೊಡು ಎನ್ನಲೇ ಇಲ್ಲ. ಕರೆದುಕೊಡುವುದಿಲ್ಲ ಎಂದು ಅವಳಿಗೆ ತಿಳಿದುಹೋಗಿತ್ತೋ ಏನೋ. ಆ ಹೆಂಗಸಿನ ಕೈಯಲ್ಲಿ ಹೇಳಿಕಳಿಸಿದಳು.

“ನೀನೇ ಹೇಳಿಬಿಡವ್ವ ಅವ್ಳಿಗೆ. ಅಜ್ಜಿಗೆ ಸ್ವಲ್ಪ ಆರಾಮಿಲ್ಲ ಅಂತ ಹೇಳು. ಆದ್ರೆ ಬರಾಕೆ ಹೋಗಬ್ಯಾಡ ಅಂತ ಹೇಳು. ಅಷ್ಟು ದೂರ ಐತೆ, ಯಾಕೆ ಬರ್ತಾಳೆ? ಓದ್ಕಂತಿರ್ಬೇಕು ಅವ್ಳು. ಓದ್ಲಿ. ಉಣ್ಣಾದು ಬಿಡಬ್ಯಾಡ ಅಂತ ಹೇಳು.”

ಇದನ್ನು ಕೇಳಿದ ಮೇಲಾದರೂ ನಾನು ಆ ಫೋನನ್ನು ಕಸಿದುಕೊಂಡು ಸರಿಯಾಗಿ ಒತ್ತಬೇಕಿತ್ತು. ಅವ್ವ ಮಗಳನ್ನು ಕರೆಸಿಬಿಡುತ್ತಾಳೆ ಎಂಬ ಭಯದಿಂದ ತಾನೇ ನಾನು ಇಷ್ಟೆಲ್ಲ ಮಾಡಿದ್ದು? ಬರಬೇಡ ಎಂದು ಅವಳೇ ಹೇಳುತ್ತಿದ್ದಳು. ಆದರೆ ಅಷ್ಟರಲ್ಲಿ ನಾನು ಎರಡು ಕಡೆಯೂ ಸುಳ್ಳು ಹೇಳಿ ನಡುವೆ ಸಿಕ್ಕಿಕೊಂಡಿದ್ದೆ. ಈಗ ಫೋನು ಹೋದರೆ ಸೊಕ್ಕೆಯ ಕಥೆ ಬಯಲಾಗುತ್ತದೆ, ಲೈನು ಸಿಗದ ಕಥೆಯೂ ಬಯಲಾಗುತ್ತದೆ. ಇನ್ನು ಹತ್ತು ಹನ್ನೆರಡು ದಿನ, ಪರೀಕ್ಷೆಯೊಂದು ಮುಗಿಯಲಿ, ಆಮೇಲೆ ಇಬ್ಬರ ಕಾಲಿಗೂ ಬೀಳೋಣ ಎಂದುಕೊಂಡೆ. ಅವ್ವ ಅಷ್ಟು ದಿನ ಇರುತ್ತಾಳೆ ಎಂದು ನರ್ಸಮ್ಮನ ಅಂದಾಜು.

ನಾಲ್ಕನೆಯ ಸಲ ಒಂದು ಗುರುವಾರದ ಮಧ್ಯಾಹ್ನ. ಅವ್ವ ಮಾತಾಡದೆ ಫೋನಿನ ಕಡೆ ಕೈ ತೋರಿಸಿದಳು. ಅಷ್ಟೂ ಅಂಕಿ ಒತ್ತಿ, ಅವಳ ಕಿವಿಯ ಹತ್ತಿರ ದಿಂಬಿಗೆ ಆನಿಸಿ ಇಟ್ಟೆ. ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವ್ವ ಹೋದಳು. ಪರೀಕ್ಷೆಗೆ ಇನ್ನೂ ಎಂಟು ದಿನ ಇತ್ತು.

ಜಗಳೂರಿಗೆ ಕೊಂಡೊಯ್ದು ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಮಣ್ಣು ಹಾಕಿ ಕೈ ತೊಳೆಯುವ ಮೊದಲೇ ನನ್ನ ಚಿಂತೆ ಬೇರೆಯದಾಗಿತ್ತು. ಬಂದ ನೆಂಟರೆಲ್ಲರ ಹತ್ತಿರ, ಹುಡುಗಿಗೆ ಪರೀಕ್ಷೆ ಐತೆ, ಯಾರೂ ಬಾಯಿ ಬಿಡಬ್ಯಾಡ್ರಿ ಎಂದು ಕೇಳಿಕೊಂಡೆ. ಎಲ್ಲರೂ ಹೂಂ ಅಂದರು. ಸಂಜೆ ನೋಡುತ್ತೇನೆ, ಸೊಕ್ಕೆಯ ಆ ಮಾವನ ಮಗನ ಹೆಂಡತಿ ತನ್ನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವ್ವನ ಫೋಟೋ ಹಾಕಿ, ಸುತ್ತ ಹೂವಿನ ಚೌಕಟ್ಟು ಮಾಡಿ, ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದಿದ್ದಾಳೆ. ಮಗಳ ನಂಬರು ಅವಳ ಬಳಿ ಇದೆ! ಸಾವಿನ ಮನೆಯ ಅಂಗಳದಲ್ಲೇ ನಿಂತು ಅವಳಿಗೆ ಬಾಯಿಗೆ ಬಂದಂತೆ ಬೈದು ತೆಗೆಸಿದೆ.

“ಅತ್ತೆ ಮ್ಯಾಗಿನ ಪ್ರೀತಿಗೆ ಹಾಕಿದೆ ಕಣೇ. ನೀನು ಅಳಾದು ಬಿಟ್ಟು ಇದನ್ನ ಕಾಯ್ಕಂಡು ಕುಂತೀಯಲ್ಲ,” ಎಂದು ಅವಳು ಅತ್ತಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಅವತ್ತು ಅತ್ತಿರಲಿಲ್ಲ. ಮೂರನೆಯ ದಿನ ಮಗಳು ವಿಡಿಯೋ ಕಾಲ್ ಮಾಡಿದಾಗ ಮುಖ ತೊಳೆದು, ಸೀರೆ ಬದಲಿಸಿ, ಹಿಂದೆ ಬರೀ ಗೋಡೆ ಕಾಣುವಂತೆ ಕೂತು ನಗುನಗುತ್ತಾ ಮಾತಾಡಿದೆ. ಸುಸ್ತಾದಂಗೆ ಕಾಣ್ತೀಯ ಎಂದಳು. ಲಸಿಕೆಯ ಕೆಲಸ ಜಾಸ್ತಿ ಎಂದೆ.

ಹನ್ನೊಂದರ ಕಾರ್ಯ ಮುಗಿದ ಮಾರನೆಯ ದಿನ ಚನ್ನಗಿರಿಗೆ ಬಂದೆ. ಪರೀಕ್ಷೆ ಮುಗಿದಿತ್ತು. ಚೆನ್ನಾಗಿ ಬರೆದಿದ್ದೇನೆ ಎಂದು ಮಗಳ ಮೆಸೇಜು ಬಂದಿತ್ತು. ಇನ್ನು ಹೇಳಲೇಬೇಕು. ನನ್ನ ಮುಖ ಕಾಣುವ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮುಖ ಕಾಣದ ಫೋನು ಮನೆಯಲ್ಲಿ ಇದ್ದದ್ದು ಒಂದೇ, ಹೊರದೇಶದ ಕರೆಗೆ ಪ್ಯಾಕ್ ಇದ್ದದ್ದೂ ಅದೊಂದಕ್ಕೇ. ಅವ್ವನ ಗುಂಡಿ ಫೋನು ಚಾರ್ಜಿಗೆ ಹಾಕಿ, ಸೊನ್ನೆ ಬಿಟ್ಟು, ಸರಿಯಾಗಿ ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

“ಅಜ್ಜೀ! ಬಂದ್ಯಾ ಸೊಕ್ಕೆಯಿಂದ? ಎಷ್ಟು ದಿನ ಆಯ್ತೇ ಮುದುಕಿ ನಿನ್ ದನಿ ಕೇಳಿ!”

ಅವಳ ಫೋನಿನಲ್ಲಿ ಅಜ್ಜಿಯ ಹೆಸರು ಬರುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಸತ್ತವಳ ಫೋನಿನಿಂದ ಸಾವಿನ ಸುದ್ದಿ ಹೇಳಲು ಹೊರಟಿದ್ದೆ. ಅವಳು ಮತ್ತೆ ಎರಡು ಸಲ ಅಜ್ಜಿ, ಅಜ್ಜಿ ಎಂದಳು. ಆಮೇಲೆ ದನಿ ಇಳಿಯಿತು. “ಯಾರು? ಅಮ್ಮಾ?”

ಹೇಳಿದೆ. ಯಾವಾಗ ಎಂದಳು. ಹನ್ನೆರಡು ದಿನ ಆಯಿತು ಎಂದೆ. ಆಕೆ ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ನನ್ನ ಕೇಳಿದ್ಲಾ?”

“ಇಲ್ಲ ಕಣವ್ವ. ಎಚ್ಚರ ಇರ್ಲಿಲ್ಲ.”

“ಒಂದ್ಸಲನೂ ಕೇಳ್ಲಿಲ್ವಾ?”

“ಇಲ್ಲ.”

ಕೇಳಿದಳು ಎಂದರೆ ಮಗಳು ಕೊರಗಿ ಸಾಯುತ್ತಾಳೆ, ಕೇಳಲಿಲ್ಲ ಎಂದರೆ ಹಗುರಾಗುತ್ತಾಳೆ ಎಂದು ನನ್ನ ಲೆಕ್ಕ. ರೋಗಿಯ ಮನೆಯವರಿಗೆ ಹಾಗೆ ಹೇಳಿ ಸಮಾಧಾನ ಮಾಡುವುದು ನಮ್ಮ ಕೆಲಸದಲ್ಲಿ ಅಭ್ಯಾಸ. ‘ನೋವೇನೂ ಆಗಲಿಲ್ಲ, ನಿದ್ದೇಲಿ ಹೋದರು’ ಎಂದು ಎಷ್ಟು ಮನೆಗಳಲ್ಲಿ ಹೇಳಿಲ್ಲ ನಾನು! ಮಗಳು ಸರಿ ಎಂದು ಫೋನಿಟ್ಟಳು.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ಪಾಸಾಗಿದ್ದಳು. ನಾನು ಆ ಕಾಗದದ ಫೋಟೋವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ, ಒಂದಕ್ಷರವೂ ಅರ್ಥವಾಗದಿದ್ದರೂ. ಮಾಡಿದ್ದು ತಪ್ಪಾಗಲಿಲ್ಲ, ಅವ್ವನೂ ಓದಲಿ ಎಂದೇ ಹೇಳಿದ್ದಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಮಗಳು ಬದಲಾದಳು. ಫೋನು ಮಾಡುವುದನ್ನೇನೂ ಬಿಡಲಿಲ್ಲ. ಡ್ಯೂಟಿ, ಚಳಿ, ಊಟ, ಎಲ್ಲ ಹೇಳುತ್ತಿದ್ದಳು. ಅಜ್ಜಿ ಎಂಬ ಶಬ್ದ ಮಾತ್ರ ಅವಳ ಬಾಯಿಂದ ಬರಲಿಲ್ಲ. ವರ್ಷಾಂತಿಕಕ್ಕೆ ಬಾ ಎಂದರೆ ರಜ ಇಲ್ಲ ಎಂದಳು. ಅವ್ವನ ಒಂದು ಸೀರೆ ಕಳಿಸಲಾ ಎಂದರೆ ಬೇಡ ಎಂದಳು. ಯಾಕೆ ಬೇಡ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ನನ್ನ ಸಿಟ್ಟು ಯಾವಾಗ ಬರುತ್ತದೆಂದು ಹೇಳಲಾಗದು. ಹದಿನೈದು ವರ್ಷ ಸಾಕಿದವಳ ಸೀರೆ ಬೇಡವಾಯಿತಾ ನಿನಗೆ ಎಂದೆ.

“ಅಜ್ಜಿಗೇ ನಾನು ಬ್ಯಾಡ ಆಗಿದ್ನಲ್ಲ ಅಮ್ಮ,” ಎಂದಳು. “ನಾನು ಬಿಟ್ಟು ಬಂದೆ ಅಂತ ಸಿಟ್ಟಿತ್ತು ಅವಳಿಗೆ. ಅದಕ್ಕೇ ಸೊಕ್ಕೆಗೆ ಹೋದಾಗ ಫೋನು ಬಿಟ್ಟು ಹೋದ್ಲು. ಸಾಯಾಗಲೂ ನನ್ನ ನೆನೆಸ್ಲಿಲ್ಲ. ಇಲ್ಲಿ ಎಷ್ಟು ಮುದುಕೀರು ಅದಾರೆ ಗೊತ್ತಾ? ಹತ್ತು ವರ್ಷದಿಂದ ಮುಖ ತೋರಿಸದ ಮಕ್ಕಳ ಹೆಸರು ಹಿಡಿದು ಕರೀತಾರೆ, ಕೊನೇ ಗಳಿಗೇಲಿ. ನಾನು ಕೈ ಹಿಡ್ಕಂಡು ಕುಂತಿರ್ತೀನಿ. ನಮ್ಮಜ್ಜಿ ಕರೀಲಿಲ್ಲ ನನ್ನ.”

ಇಷ್ಟು ತಿಂಗಳು ಮಗಳು ಇದನ್ನು ಹೊತ್ತುಕೊಂಡು ಅಲ್ಲಿ ಬೇರೆಯವರ ಅಜ್ಜಿಯರ ಮೈ ಒರೆಸಿದ್ದಾಳೆ. ಇನ್ನು ಮುಚ್ಚಿಡಲು ಆಗಲಿಲ್ಲ. ಸೊಕ್ಕೆಗೆ ಹೋಗಲೇ ಇಲ್ಲ ಎಂಬಲ್ಲಿಂದ ಶುರುಮಾಡಿ ಎಲ್ಲ ಹೇಳಿದೆ. ಊದಿದ ಕಾಲು, ಆಸ್ಪತ್ರೆ, ಭಾನುವಾರ, ಸೊನ್ನೆ.

“ಬೇಕಂತಲೇ ಒತ್ತಿದ್ಯಾ?”

“ಹೂಂ. ನಾಲ್ಕು ಸಲ. ನಿನ್ನ ಪರೀಕ್ಷೆ ಹಾಳಾಗ್ತೈತೆ ಅಂತ.”

“ಆ ಪರೀಕ್ಷೆ ವರ್ಷದಾಗೆ ಬೇರೆ ಬೇರೆ ತಿಂಗಳಲ್ಲಿ ಮತ್ತೆ ಮತ್ತೆ ಬರ್ತೈತೆ ಅಮ್ಮ. ಅವತ್ತು ಬಿಟ್ಟಿದ್ರೆ ಮುಂದಿನ ಸಲ ಬರೀತಿದ್ದೆ. ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು.”

ನಾನು ಕೇಳಿರಲಿಲ್ಲ. ಪರೀಕ್ಷೆ ಅಂದರೆ ನಮ್ಮ ಎಸೆಸೆಲ್ಸಿಯಂತೆ, ತಪ್ಪಿದರೆ ಬದುಕೇ ಹೋಯಿತು ಎಂದು ತಿಳಿದಿದ್ದೆ.

ಆಕೆ ಇನ್ನು ಫೋನಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಮೂಗು ಸೀಟಿಕೊಂಡ ಸದ್ದು ಕೇಳಿಸಿತು. “ಅಜ್ಜಿ ಏನೇನಂದ್ಲು ಹೇಳು. ಒಂದು ಮಾತೂ ಬಿಡಬ್ಯಾಡ,” ಎಂದಳು. ಹೇಳಿದೆ. ಮೊದಲನೆಯ ಸಲದ್ದು ಹೇಳಿದೆ. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಎರಡನೆಯ ಸಲ ಕೈ ಮುಗಿದದ್ದು ಹೇಳಿದೆ. ಬರಾಕೆ ಹೋಗಬ್ಯಾಡ, ಓದ್ಲಿ, ಉಣ್ಣಾದು ಬಿಡಬ್ಯಾಡ ಎಂದದ್ದು ಹೇಳಿದೆ. ಅದನ್ನು ಇನ್ನೊಂದು ಸಲ ಹೇಳು ಎಂದಳು. ಇನ್ನೊಂದು ಸಲವೂ ಹೇಳಿದೆ.

“ನಾಲ್ಕನೇ ಸಲ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ಫೋನು ಕಿವಿಗಿಟ್ಟು ನಾನು ಹಿತ್ತಲಿಗೆ ಹೋದೆ. ಏನೋ ಹೇಳ್ತಿದ್ಲು, ಭಾಳ ಹೊತ್ತು ಹೇಳಿದ್ಲು. ಕೇಳಿಸಬಾರ್ದು ಅಂತ ನಲ್ಲಿ ತಿರುವಿ ನಿಂತೆ.”

“ಯಾಕಮ್ಮ?”

ಅದಕ್ಕೆ ಸುಳ್ಳು ಹುಡುಕಬಹುದಿತ್ತು. ನೋಡಲಾಗಲಿಲ್ಲ, ಕರುಳು ಚುರುಕ್ ಅಂತು ಎಂದಿದ್ದರೆ ನಂಬುತ್ತಿದ್ದಳು. ಐವತ್ತಾರು ವರ್ಷದ ಹೆಂಗಸು ತಾನು ಹೆತ್ತ ಮಗಳೆದುರು ಆಡಬಾರದ ಮಾತು ಬಾಯಿಗೆ ಬಂತು, ತಡೆದುಕೊಳ್ಳಲಿಲ್ಲ.

“ನಾಲ್ಕು ಸಲವೂ ನಿನ್ನನ್ನೇ ಕೇಳಿದ್ಲು ಕಣೇ,” ಎಂದೆ. “ಹಗಲೂ ರಾತ್ರಿ ಪಕ್ಕದಾಗೇ ಇದ್ದೋಳು ನಾನು.”